ಮನೆಯ ಮೀಡಿಯಾ ಪ್ಲೇಯರ್‌ಗಳಲ್ಲಿ ಲಿನಕ್ಸ್: ಯಂತ್ರಾಂಶ ಮತ್ತು ಡ್ರೈವರ್ ಬೆಂಬಲ

ಟಿವಿಗೆ ಜೋಡಿಸಿ ಸಿನಿಮಾ, ಹಾಡು, ನೇರಪ್ರಸಾರ ನೋಡಲು ಬಳಸುವ ಪುಟ್ಟ ಕಂಪ್ಯೂಟರ್‌ಗೆ ಮೀಡಿಯಾ ಪ್ಲೇಯರ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಆಂಡ್ರಾಯ್ಡ್ ಟಿವಿ ಬಾಕ್ಸ್, ಟಿವಿಯ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸುವ ಸ್ಟಿಕ್, ರಾಸ್ಪ್‌ಬೆರಿ ಪೈನಂಥ ಬೋರ್ಡ್, ಟಿವಿಯ ಹಿಂದೆ ಅಡಗಿಸಿಡುವ ಮಿನಿ ಪಿಸಿ ಎಲ್ಲವೂ ಈ ಗುಂಪಿನವೇ. ಇವುಗಳಲ್ಲಿ ಬಹುಪಾಲು ನಡೆಯುವುದು ಲಿನಕ್ಸ್ ಕರ್ನಲ್ ಮೇಲೆ. ಆಂಡ್ರಾಯ್ಡ್ ಟಿವಿ, ರೋಕು, ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜನ್ ಎಲ್ಲದರ ತಳದಲ್ಲಿರುವುದು ಅದೇ. ಆದರೂ ಅದೇ ಡಬ್ಬಿಗೆ ಡೆಬಿಯನ್‌ನಂಥ ಸಾಮಾನ್ಯ ಲಿನಕ್ಸ್ ಆವೃತ್ತಿ ಹಾಕಿಕೊಳ್ಳೋಣ ಎಂದು ಹೊರಟವರಿಗೆ ಚಿತ್ರವೇ ಮೂಡದಿರಬಹುದು, ಚಿತ್ರ ಮೂಡಿದರೆ ಸದ್ದು ಬಾರದಿರಬಹುದು, ಎರಡೂ ಬಂದರೆ ರಿಮೋಟ್ ಸುಮ್ಮನಿರಬಹುದು. ಲಿನಕ್ಸ್ ಓಡುವ ಡಬ್ಬಿ ಬೇರೆ, ಲಿನಕ್ಸ್ ಬೆಂಬಲಿಸುವ ಡಬ್ಬಿ ಬೇರೆ.

ಈ ವ್ಯತ್ಯಾಸಕ್ಕೆ ಕಾರಣ ಡ್ರೈವರ್‌ನ ಕೋಡ್ ಇರುವ ಜಾಗ. ಲಿನಸ್ ಟೋರ್ವಾಲ್ಡ್ಸ್ ಬಿಡುಗಡೆ ಮಾಡುವ ಮುಖ್ಯ ಕರ್ನಲ್‌ನೊಳಗೆ ಡ್ರೈವರ್ ಸೇರಿದ್ದರೆ ಅದು ಕರ್ನಲ್ ಜೊತೆಗೇ ಮುಂದೆ ಸಾಗುತ್ತದೆ. ಒಳಗಿನ ವ್ಯವಸ್ಥೆ ಬದಲಿಸಿದವರೇ ಅದನ್ನೂ ತಿದ್ದಬೇಕು ಎಂಬುದು ಅಲ್ಲಿನ ರೂಢಿ. ಚಿಪ್ ತಯಾರಕರು ತಮ್ಮದೇ ಹಳೆಯ ಕರ್ನಲ್ ಪ್ರತಿಯಲ್ಲಿ ಮಾತ್ರ ಡ್ರೈವರ್ ಬರೆದಿಟ್ಟಿದ್ದರೆ ಆ ಪ್ರತಿಯ ಆಯುಷ್ಯವೇ ಡ್ರೈವರ್‌ನ ಆಯುಷ್ಯ. ಮೂರನೆಯ ಬಗೆಯಲ್ಲಿ ಕರ್ನಲ್‌ನೊಳಗೆ ತೆಳ್ಳನೆಯ ಪದರವೊಂದಿರುತ್ತದೆ, ನಿಜವಾದ ಕೆಲಸ ಮುಚ್ಚಿದ ಬೈನರಿಯಲ್ಲೋ ಚಿಪ್‌ನ ಫರ್ಮ್‌ವೇರ್‌ನಲ್ಲೋ ನಡೆಯುತ್ತದೆ. ಕಳೆದ ಎರಡೂವರೆ ದಶಕಗಳಲ್ಲಿ ನಡೆದದ್ದೆಂದರೆ ಮೀಡಿಯಾ ಪ್ಲೇಯರ್‌ನ ಒಂದೊಂದೇ ಅಂಗವನ್ನು ಎರಡನೆಯ, ಮೂರನೆಯ ಜಾಗದಿಂದ ಮೊದಲನೆಯದಕ್ಕೆ ಎಳೆದು ತಂದದ್ದು. ಕೆಲವು ಅಂಗಗಳು ಇನ್ನೂ ಬಂದಿಲ್ಲ. ಕೆಲವನ್ನು ಬರಲು ಬಿಟ್ಟಿಲ್ಲ.

ಟ್ಯೂನರ್‌ಗಳ ಕಾಲ

ಲಿನಕ್ಸ್‌ಗೂ ಟಿವಿಗೂ ನಂಟು ಬೆಳೆದದ್ದು ಟ್ಯೂನರ್ ಕಾರ್ಡುಗಳ ಮೂಲಕ. 1990ರ ದಶಕದಲ್ಲಿ ಬ್ರೂಕ್‌ಟ್ರೀ ಕಂಪನಿಯ ಬಿಟಿ848, ಬಿಟಿ878 ಚಿಪ್‌ಗಳಿದ್ದ ಪಿಸಿಐ ಕಾರ್ಡುಗಳಿಗೆ ಡ್ರೈವರ್ ಬರೆಯುತ್ತ ವಿಡಿಯೊ ಫಾರ್ ಲಿನಕ್ಸ್ ಎಂಬ ಚೌಕಟ್ಟು ರೂಪುಗೊಂಡಿತು. ಅದರ ಎರಡನೆಯ ಆವೃತ್ತಿ 2002ರಲ್ಲಿ ಕರ್ನಲ್ ಸೇರಿತು. ಮೊದಲನೆಯದನ್ನು 2011ರಲ್ಲಿ, 2.6.38ರ ಹೊತ್ತಿಗೆ, ಕಿತ್ತುಹಾಕಿದರು. ಡಿಜಿಟಲ್ ಪ್ರಸಾರದ ಡಿವಿಬಿ ಚೌಕಟ್ಟು ಬಂದದ್ದು ಬರ್ಲಿನ್‌ನ ಕನ್ವರ್ಜೆನ್ಸ್ ಕಂಪನಿಯಿಂದ. ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ 2000ದ ಸುಮಾರಿಗೆ ಶುರುಮಾಡಿದ ವಿಡಿಆರ್, ಐಸಾಕ್ ರಿಚರ್ಡ್ಸ್ 2002ರಲ್ಲಿ ಆರಂಭಿಸಿದ ಮಿಥ್‌ಟಿವಿ ಇವೆರಡೂ ಈ ಡ್ರೈವರ್‌ಗಳನ್ನು ನಂಬಿ ಬೆಳೆದ ರೆಕಾರ್ಡಿಂಗ್ ತಂತ್ರಾಂಶಗಳು. ಅಂದಿನ ಪ್ರೊಸೆಸರ್‌ಗೆ ಎಂಪೆಗ್-2 ಎನ್‌ಕೋಡ್ ಮಾಡುವುದು ಭಾರವಾಗುತ್ತಿದ್ದುದರಿಂದ ಆ ಕೆಲಸವನ್ನು ತಾವೇ ಮಾಡುತ್ತಿದ್ದ ಹಾಪಾಜ್ ಪಿವಿಆರ್-250, 350 ಕಾರ್ಡುಗಳಿಗೆ ಮಿಥ್‌ಟಿವಿ ಬಳಸುವವರು ಮುಗಿಬಿದ್ದಿದ್ದರು. ಅವುಗಳ ಐವಿಟಿವಿ ಡ್ರೈವರ್ ವರ್ಷಗಟ್ಟಲೆ ಕರ್ನಲ್‌ನ ಹೊರಗೇ ಇದ್ದು 2007ರ 2.6.22ರಲ್ಲಿ ಒಳಗೆ ಬಂತು. ಅಷ್ಟರಲ್ಲಿ ಆ ಕಾರ್ಡುಗಳ ಕಾಲವೇ ಮುಗಿಯುತ್ತ ಬಂದಿತ್ತು. ಡ್ರೈವರ್ ಪಕ್ವವಾಗುವ ಹೊತ್ತಿಗೆ ಯಂತ್ರ ಹಳತಾಗುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಅಂಗಡಿಗೆ ಬಂದ ಸಿದ್ಧ ಪೆಟ್ಟಿಗೆಗಳಲ್ಲಿ ಹೆಸರು ಮಾಡಿದ್ದು ಅಮೆರಿಕದ ಟಿವೊ. 1999ರಲ್ಲಿ ಬಂದ ಮೊದಲ ಟಿವೊ ಪವರ್‌ಪಿಸಿ ಪ್ರೊಸೆಸರ್ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಕಂಪನಿ ಜಿಪಿಎಲ್ ಪರವಾನಗಿಯಂತೆ ಕರ್ನಲ್‌ನ ಮೂಲ ಕೋಡ್ ಕೊಟ್ಟಿತು, ಆದರೆ ಮುಂದಿನ ಮಾದರಿಗಳಲ್ಲಿ ತನ್ನ ಡಿಜಿಟಲ್ ಸಹಿಯಿಲ್ಲದ ಕರ್ನಲ್ ಪೆಟ್ಟಿಗೆಯಲ್ಲಿ ಬೂಟ್ ಆಗದಂತೆ ಬೀಗ ಹಾಕಿತು. ಕೋಡ್ ಕೈಗೆ ಸಿಕ್ಕರೂ ತಿದ್ದಿ ಓಡಿಸುವಂತಿಲ್ಲ. ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಇದಕ್ಕೆ ಟಿವೊಯಿಸೇಷನ್ ಎಂದು ಹೆಸರಿಟ್ಟರು. 2007ರ ಜೂನ್‌ನಲ್ಲಿ ಬಂದ ಜಿಪಿಎಲ್ ಮೂರನೆಯ ಆವೃತ್ತಿ ಇದನ್ನು ತಡೆಯುವ ಕಲಮುಗಳನ್ನು ಸೇರಿಸಿತು. ಲಿನಕ್ಸ್ ಕರ್ನಲ್ ಮಾತ್ರ ಎರಡನೆಯ ಆವೃತ್ತಿಯಲ್ಲೇ ಉಳಿಯಿತು. ಹಾಗಾಗಿ ಇಂದಿನ ಟಿವಿ ಬಾಕ್ಸ್‌ಗಳ ಬೂಟ್‌ಲೋಡರ್‌ಗೆ ಬೀಗ ಜಡಿದರೆ ಆಕ್ಷೇಪಿಸಲು ಕರ್ನಲ್‌ನ ಪರವಾನಗಿಯಲ್ಲಿ ಸ್ಪಷ್ಟ ಆಧಾರವಿಲ್ಲ. ಅದೇ 2007ರ ಸೆಪ್ಟೆಂಬರ್‌ನಲ್ಲಿ ಜಿಪಿಎಲ್ ಉಲ್ಲಂಘನೆಯ ಮೇಲೆ ಅಮೆರಿಕದಲ್ಲಿ ಮೊದಲ ಮೊಕದ್ದಮೆ ಹೂಡಿದ್ದೂ ಒಂದು ಮೀಡಿಯಾ ಸಾಧನದ ತಯಾರಕರ ಮೇಲೆ. ಮಾನ್ಸೂನ್ ಮಲ್ಟಿಮೀಡಿಯಾ ಕಂಪನಿಯ ಹಾವಾ ಪೆಟ್ಟಿಗೆಯಲ್ಲಿ ಬಿಜಿಬಾಕ್ಸ್ ತಂತ್ರಾಂಶವಿತ್ತು, ಮೂಲ ಕೋಡ್ ಕೊಟ್ಟಿರಲಿಲ್ಲ. ಮುಂದಿನ ತಿಂಗಳೇ ರಾಜಿಯಾಯಿತು. 2021ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆ ಟಿವಿ ತಯಾರಕ ವಿಜಿಯೊ ಮೇಲೆ ಹೂಡಿದ ದಾವೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೋಡ್ ಕೇಳುವ ಹಕ್ಕು ಬರೆದವರಿಗಷ್ಟೇ ಅಲ್ಲ, ಟಿವಿ ಕೊಂಡವರಿಗೂ ಇದೆ ಎಂಬುದು ಅದರ ವಾದ.

ಸಿನಿಮಾ, ಹಾಡು ಆಡಿಸುವ ಕೋಡಿ ಎಂಬ ತಂತ್ರಾಂಶ ಹುಟ್ಟಿದ್ದು ಲಿನಕ್ಸ್‌ನಲ್ಲಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್, 733 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 64 ಎಂಬಿ ಮೆಮೊರಿಯ ಆಟದ ಯಂತ್ರ, ಅದರ ತವರು. ಎಕ್ಸ್‌ಬಿಎಂಸಿ ಎಂಬ ಹೆಸರಿನ ಆ ತಂತ್ರಾಂಶವನ್ನು ಲಿನಕ್ಸ್‌ಗೆ ತರುವ ಕೆಲಸ 2007ರಲ್ಲಿ ಶುರುವಾಯಿತು. 2014ರಲ್ಲಿ ಅದು ಕೋಡಿ ಆಯಿತು. ಅದು ಬಂದ ಮೇಲೆ ಲಿನಕ್ಸ್ ಮೀಡಿಯಾ ಪ್ಲೇಯರ್ ಎಂದರೆ ರೆಕಾರ್ಡ್ ಮಾಡುವ ಯಂತ್ರ ಎಂಬ ಕಲ್ಪನೆ ಹಿಂದೆ ಸರಿದು, ಯಾವ ಫೈಲ್ ಕೊಟ್ಟರೂ ತಡವರಿಸದೆ ತೋರಿಸುವ ಯಂತ್ರ ಎಂಬ ನಿರೀಕ್ಷೆ ಮುಂದೆ ಬಂತು. ಒತ್ತಡವೆಲ್ಲ ಟ್ಯೂನರ್‌ನಿಂದ ಡಿಕೋಡರ್ ಮೇಲೆ ಬಿತ್ತು.

ಡಿಕೋಡರ್

4ಕೆ ಚಿತ್ರದ ಒಂದು ಫ್ರೇಮ್ ಅಂದರೆ 3840×2160 ಬಿಂದುಗಳು. ಡಿಕೋಡ್ ಆದ ಮೇಲೆ, 8 ಬಿಟ್ ಬಣ್ಣದಲ್ಲಿ, ಬಣ್ಣದ ಮಾಹಿತಿಯನ್ನು ಕಾಲು ಭಾಗಕ್ಕೆ ಇಳಿಸಿಟ್ಟರೂ ಅದು ಸುಮಾರು 12.4 ಎಂಬಿ. ಸೆಕೆಂಡಿಗೆ 60 ಫ್ರೇಮ್ ಆದರೆ ಹತ್ತಿರ ಹತ್ತಿರ 750 ಎಂಬಿ. ಡಿಕೋಡರ್ ಬರೆದದ್ದನ್ನು ಪ್ರೊಸೆಸರ್ ಒಮ್ಮೆ ನಕಲಿಸಿ ಗ್ರಾಫಿಕ್ಸ್ ಚಿಪ್‌ಗೆ, ಅದು ಇನ್ನೊಮ್ಮೆ ನಕಲಿಸಿ ಪರದೆಗೆ ಕೊಟ್ಟರೆ ಅಗ್ಗದ ಬೋರ್ಡಿನ ಮೆಮೊರಿ ಹಾದಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೀಡಿಯಾ ಪ್ಲೇಯರ್‌ಗೆ ಡಿಕೋಡರ್‌ನ ಡ್ರೈವರ್ ಇದ್ದರೆ ಸಾಲದು. ಡಿಕೋಡರ್, ಗ್ರಾಫಿಕ್ಸ್, ಎಚ್‌ಡಿಎಂಐ ಮೂರರ ಡ್ರೈವರ್‌ಗಳೂ ಒಂದೇ ಮೆಮೊರಿ ತುಂಡನ್ನು ನಕಲಿಸದೆ ಕೈಯಿಂದ ಕೈಗೆ ದಾಟಿಸಬೇಕು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಸುಮಿತ್ ಸೆಮ್ವಾಲ್ ಬರೆದ ಡಿಎಂಎ-ಬಫ್, 2012ರ 3.3 ಕರ್ನಲ್‌ನಲ್ಲಿ ಅದು ಸೇರಿತು. ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಈ ಸೌಲಭ್ಯವಿಲ್ಲದಿದ್ದರೆ ಇಂದಿನ ಅಗ್ಗದ 4ಕೆ ಪೆಟ್ಟಿಗೆಗಳು ಲಿನಕ್ಸ್‌ನಲ್ಲಿ ಕುಂಟುತ್ತಿದ್ದವು.

ಪಿಸಿಯ ಕಡೆ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಇಂಟೆಲ್ ವಿಎ-ಎಪಿಐ ಎಂಬ ವ್ಯವಸ್ಥೆ ರೂಪಿಸಿತು, ಎನ್‌ವಿಡಿಯಾ 2008ರಲ್ಲಿ ವಿಡಿಪಿಎಯು ತಂದಿತು. ಎನ್‌ವಿಡಿಯಾ ಡ್ರೈವರ್ ಮುಚ್ಚಿದ ಬೈನರಿ, ಆದರೆ ಕೆಲಸ ಮಾಡುತ್ತಿತ್ತು. 2009ರಲ್ಲಿ ಆ್ಯಟಂ ಪ್ರೊಸೆಸರ್ ಜೊತೆ ಎನ್‌ವಿಡಿಯಾ ಐಯಾನ್ ಚಿಪ್‌ಸೆಟ್ ಇದ್ದ ಏಸರ್ ಆಸ್ಪೈರ್ ರೆವೊದಂಥ ಪುಟ್ಟ ಪಿಸಿಗಳು ಬಂದಾಗ, ಬಡ ಪ್ರೊಸೆಸರ್ ಇದ್ದರೂ 1080ಪಿ ಸಿನಿಮಾ ಸಲೀಸಾಗಿ ಓಡಿತು. ಅದೇ ಕಾಲಕ್ಕೆ ಬ್ರಾಡ್‌ಕಾಂ ಕ್ರಿಸ್ಟಲ್ ಎಚ್‌ಡಿ ಎಂಬ ಪುಟ್ಟ ಡಿಕೋಡರ್ ಕಾರ್ಡ್ ಮಾರಿ, ಲಿನಕ್ಸ್ ಡ್ರೈವರ್‌ನ ಕೋಡನ್ನೂ ಕೊಟ್ಟಿತು. 2007ರ ಮೊದಲ ಆ್ಯಪಲ್ ಟಿವಿಯ ವೈ-ಫೈ ಕಾರ್ಡ್ ಕಿತ್ತು, ಆ ಜಾಗಕ್ಕೆ ಕ್ರಿಸ್ಟಲ್ ಎಚ್‌ಡಿ ಸಿಕ್ಕಿಸಿ ಲಿನಕ್ಸ್ ಹಾಕಿಕೊಂಡವರಿದ್ದರು. ಸ್ಯಾಮ್ ನಜಾರ್ಕೊ ಅದಕ್ಕೆಂದೇ ಕ್ರಿಸ್ಟಲ್‌ಬುಂಟು ಎಂಬ ಆವೃತ್ತಿ ಕಟ್ಟಿದರು. ಅವರ ಮುಂದಿನ ಕೆಲಸಗಳೇ ರಾಸ್ಪ್‌ಬಿಎಂಸಿ, ಓಎಸ್‌ಎಂಸಿ. ಕ್ರಿಸ್ಟಲ್ ಎಚ್‌ಡಿ ಡ್ರೈವರ್ ಮಾತ್ರ 2010ರಲ್ಲಿ, ಇನ್ನೂ ಪಕ್ವವಾಗದ ಡ್ರೈವರ್‌ಗಳನ್ನಿಡುವ ಕರ್ನಲ್‌ನ ಸ್ಟೇಜಿಂಗ್ ವಿಭಾಗಕ್ಕೆ ಬಂದು, ತಿದ್ದುವವರಿಲ್ಲದೆ, 2014ರಲ್ಲಿ ಹೊರಬಿತ್ತು. ಕೋಡ್ ತೆರೆದಿಟ್ಟರೆ ಸಾಲದು, ಅದನ್ನು ಸಾಕುವವರೂ ಬೇಕು.

ಎಎಂಡಿ ತನ್ನ ಯುವಿಡಿ ಡಿಕೋಡರ್‌ಗೆ ಮುಕ್ತ ಕೋಡ್ ಕೊಟ್ಟದ್ದು 2013ರಲ್ಲಿ. ತಡವಾದುದಕ್ಕೆ ಕಾರಣ ಚಿತ್ರಗಳ ನಕಲು ತಡೆಯುವ ಬೀಗ ಅದೇ ಯಂತ್ರಾಂಶದೊಳಗೆ ಹೆಣೆದುಕೊಂಡಿದ್ದದ್ದು. ಎನ್‌ವಿಡಿಯಾ ಬಗ್ಗೆ ಟೋರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಕ್ಯಾಮೆರಾ ಮುಂದೆಯೇ ಬೆರಳು ತೋರಿಸಿ ಬೈದದ್ದು ಲೋಕಕ್ಕೆಲ್ಲ ಗೊತ್ತು. ಆ ಕಂಪನಿ ಕರ್ನಲ್ ಭಾಗದ ಕೋಡ್ ತೆರೆದದ್ದು 2022ರ ಮೇನಲ್ಲಿ. ಇಂದು ಹೆಚ್ಚು ತಲೆನೋವಿಲ್ಲದ ಆಯ್ಕೆ ಇಂಟೆಲ್‌ನ ಕಡಿಮೆ ವಿದ್ಯುತ್ತಿನ ಪ್ರೊಸೆಸರ್‌ಗಳು ಎಂದು ಧೈರ್ಯವಾಗಿ ಹೇಳಬಹುದು. 2023ರಲ್ಲಿ ಬಂದ 6 ವಾಟ್ ದರ್ಜೆಯ ಎನ್100 ಪ್ರೊಸೆಸರ್ ಎಚ್.264, ಎಚ್‌ಇವಿಸಿ, ವಿಪಿ9, ಎವಿ1 ಎಂಬ ನಾಲ್ಕೂ ವಿಡಿಯೊ ಕೋಡೆಕ್‌ಗಳನ್ನು ಯಂತ್ರಾಂಶದಲ್ಲೇ ಡಿಕೋಡ್ ಮಾಡುತ್ತದೆ, ಅದರ ಡ್ರೈವರ್ ಮುಖ್ಯ ಕರ್ನಲ್‌ನಲ್ಲೇ ಇದೆ. ಪಿಸಿಯ ಕಡೆಯೂ ಕೊಕ್ಕೆ ಇಲ್ಲದಿಲ್ಲ. ಪೇಟೆಂಟ್ ಭಯದಿಂದ ಫೆಡೋರಾ ಎಂಬ ಲಿನಕ್ಸ್ ಆವೃತ್ತಿ 2022ರಲ್ಲಿ ತನ್ನ ಮೆಸಾ ಗ್ರಾಫಿಕ್ಸ್ ಪ್ಯಾಕೇಜಿನಿಂದ ಎಚ್.264, ಎಚ್‌ಇವಿಸಿ ವೇಗವರ್ಧನೆಯನ್ನು ತೆಗೆದುಹಾಕಿತು. ಎಎಂಡಿ ಗ್ರಾಫಿಕ್ಸ್ ಇದ್ದವರು ಹೊರಗಿನ ಭಂಡಾರದಿಂದ ಅದನ್ನು ತಂದು ಸೇರಿಸಿಕೊಳ್ಳಬೇಕು. ಯಂತ್ರವೂ ಇದೆ, ಡ್ರೈವರೂ ಇದೆ, ನಡುವೆ ವಕೀಲರು ನಿಂತಿದ್ದಾರೆ.

2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಈ ಕ್ಷೇತ್ರದ ಬೆಲೆಯ ಲೆಕ್ಕವನ್ನೇ ಬದಲಿಸಿತು. 35 ಡಾಲರ್‌ಗೆ ಸಿಗುತ್ತಿದ್ದ ಆ ಬೋರ್ಡಿನ 700 ಮೆಗಾಹರ್ಟ್ಸ್ ಎಆರ್‌ಎಂ ಪ್ರೊಸೆಸರ್ ಒಬ್ಬಂಟಿಯಾಗಿ ಯಾವ ಎಚ್‌ಡಿ ಸಿನಿಮಾವನ್ನೂ ಓಡಿಸಲಾರದು. ಓಡಿಸಿದ್ದು ಅದೇ ಚಿಪ್‌ನಲ್ಲಿದ್ದ ಬ್ರಾಡ್‌ಕಾಂನ ವಿಡಿಯೊಕೋರ್. ಪೈಗೆ ವಿದ್ಯುತ್ ಕೊಟ್ಟಾಗ ಮೊದಲು ಏಳುವುದೂ ಅದೇ, ಎಆರ್‌ಎಂ ಆಮೇಲೆ. ಎಚ್.264ರ ಪರವಾನಗಿ ಬೋರ್ಡಿನ ಬೆಲೆಯಲ್ಲೇ ಸೇರಿತ್ತು. ಎಂಪೆಗ್-2ಕ್ಕೆ 2.40 ಪೌಂಡ್, ವಿಸಿ-1ಕ್ಕೆ 1.20 ಪೌಂಡ್ ಕೊಟ್ಟು ಕೀಲಿ ಕೊಳ್ಳಬೇಕಿತ್ತು. ಆ ಕೀಲಿ ಒಂದು ಬೋರ್ಡಿನ ಸರಣಿ ಸಂಖ್ಯೆಗೆ ಕಟ್ಟಿದ್ದು, ಇನ್ನೊಂದಕ್ಕೆ ಹೊಂದದು. ಹಳೆಯ ಡಿವಿಡಿ ನೋಡಬೇಕೆಂದವರು ಕೊಂಡರು. ಎಂಪೆಗ್-2ರ ಅಮೆರಿಕದ ಪೇಟೆಂಟ್‌ಗಳ ಅವಧಿ 2018ರ ಫೆಬ್ರವರಿಯಲ್ಲಿ ಮುಗಿಯಿತು.

2012ರ ಅಕ್ಟೋಬರ್‌ನಲ್ಲಿ ಪೈ ಪ್ರತಿಷ್ಠಾನ ತನ್ನ ಗ್ರಾಫಿಕ್ಸ್ ಡ್ರೈವರ್ ಮುಕ್ತವಾಯಿತೆಂದು ಘೋಷಿಸಿದಾಗ, ಕರ್ನಲ್‌ನ ಗ್ರಾಫಿಕ್ಸ್ ವಿಭಾಗ ನೋಡಿಕೊಳ್ಳುವ ಡೇವ್ ಏರ್ಲಿ ಅದನ್ನು ಒಪ್ಪಲಿಲ್ಲ. ತೆರೆದದ್ದು ಫರ್ಮ್‌ವೇರ್‌ಗೆ ಸಂದೇಶ ದಾಟಿಸುವ ತೆಳು ಪದರವಷ್ಟೇ ಎಂಬುದು ಅವರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪವೇ. 2014ರ ಫೆಬ್ರವರಿಯಲ್ಲಿ ಬ್ರಾಡ್‌ಕಾಂ ವಿಡಿಯೊಕೋರ್ 4ರ ದಾಖಲೆಗಳನ್ನು ಬಿಡುಗಡೆ ಮಾಡಿ, ಇಂಟೆಲ್‌ನಲ್ಲಿದ್ದ ಎರಿಕ್ ಆನ್‌ಹೋಲ್ಟ್ ಅವರನ್ನು ಕರೆತಂದು ಹೊಸ ಡ್ರೈವರ್ ಬರೆಸಿತು. ವಿಸಿ4 ಎಂಬ ಆ ಡ್ರೈವರ್ 2016ರ ಆರಂಭದ 4.4, 4.5 ಕರ್ನಲ್‌ಗಳಲ್ಲಿ ಸೇರಿತು. 2019ರ ಪೈ 4ರಲ್ಲಿ 4ಕೆ ಎಚ್‌ಇವಿಸಿ ಡಿಕೋಡರ್ ಬಂತು. 2023ರ ಪೈ 5ರಲ್ಲಿ ಎಚ್‌ಇವಿಸಿ ಉಳಿಯಿತು, ಎಚ್.264ರ ಯಂತ್ರಾಂಶ ಡಿಕೋಡರ್ ಹೋಯಿತು. ಪ್ರೊಸೆಸರ್ ಸಾಕಷ್ಟು ಬಲವಾಗಿದೆ, ಅದೇ ಮಾಡಿಕೊಳ್ಳಲಿ ಎಂಬ ಲೆಕ್ಕ. 1080ಪಿಗೆ ಆ ಲೆಕ್ಕ ಸರಿ ಹೊಂದುತ್ತದೆ.

ಪೈ ಬಿಟ್ಟರೆ ಉಳಿದ ಅಗ್ಗದ ಚಿಪ್‌ಗಳಲ್ಲಿ, ಅಂದರೆ ಆಲ್‌ವಿನ್ನರ್, ರಾಕ್‌ಚಿಪ್‌ಗಳಲ್ಲಿ, ಡಿಕೋಡರ್ ಇನ್ನೊಂದು ಜಾತಿಯದು. ಒಂದು ಜಾತಿಯ ಡಿಕೋಡರ್‌ಗೆ ಸ್ವಂತ ಫರ್ಮ್‌ವೇರ್ ಇರುತ್ತದೆ. ಎಚ್.264 ಹರಿವನ್ನು ಒಂದು ಕಡೆ ಸುರಿದರೆ ಚಿತ್ರ ಇನ್ನೊಂದು ಕಡೆ ಬರುತ್ತದೆ; ಯಾವ ಹಳೆಯ ಫ್ರೇಮ್ ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂಬುದೆಲ್ಲ ಅದರದೇ ಜವಾಬ್ದಾರಿ. ಇನ್ನೊಂದು ಜಾತಿಗೆ ನೆನಪೇ ಇಲ್ಲ. ಪ್ರತಿ ಫ್ರೇಮಿಗೂ ತಂತ್ರಾಂಶವೇ ಹರಿವಿನ ತಲೆಬರಹ ಓದಿ, ಅಳತೆಗಳನ್ನೂ ಹಿಂದಿನ ಫ್ರೇಮುಗಳ ವಿಳಾಸಗಳನ್ನೂ ತುಂಬಿ ಕೊಡಬೇಕು. ಚಿಪ್ ಇದರಿಂದ ಅಗ್ಗವಾಗುತ್ತದೆ, ಆದರೆ ವಿಡಿಯೊ ಫಾರ್ ಲಿನಕ್ಸ್‌ನಲ್ಲಿ ಈ ವ್ಯವಹಾರಕ್ಕೆ ಜಾಗವೇ ಇರಲಿಲ್ಲ. ಒಂದು ಫ್ರೇಮಿನ ದತ್ತಾಂಶ ಮತ್ತು ಅದರ ಅಳತೆಗಳನ್ನು ಒಟ್ಟಿಗೆ ಕಟ್ಟಿ ಸಲ್ಲಿಸುವ ರಿಕ್ವೆಸ್ಟ್ ಎಪಿಐ ವರ್ಷಗಳ ಚರ್ಚೆಯ ನಂತರ 2018ರ ಕೊನೆಯ 4.20 ಕರ್ನಲ್‌ನಲ್ಲಿ ಬಂತು. ಅದರ ಜೊತೆಗೇ ಬಂದದ್ದು ಆಲ್‌ವಿನ್ನರ್ ಚಿಪ್‌ಗಳ ಸೆಡ್ರಸ್ ಡ್ರೈವರ್. ಫ್ರಾನ್ಸಿನ ಬೂಟ್‌ಲಿನ್ ಕಂಪನಿ ಅದೇ ವರ್ಷ ಸಾರ್ವಜನಿಕರಿಂದ ಕಿಕ್‌ಸ್ಟಾರ್ಟರ್‌ನಲ್ಲಿ ಚಂದಾ ಎತ್ತಿ ಅದನ್ನು ಬರೆಯಿತು. ಚಿಪ್ ತಯಾರಕರು ಮಾಡಬೇಕಾದ ಕೆಲಸಕ್ಕೆ ಬೋರ್ಡ್ ಕೊಂಡವರೇ ಮತ್ತೆ ಕೈಯಿಂದ ದುಡ್ಡು ಹಾಕಿದರು. ರಾಕ್‌ಚಿಪ್‌ನ ಹಂಟ್ರೊ, ಆರ್‌ಕೆವಿಡೆಕ್ ಡ್ರೈವರ್‌ಗಳಿಗೆ ಕ್ರೋಮ್‌ಬುಕ್‌ಗಳ ಅಗತ್ಯವೇ ಬೆನ್ನೆಲುಬು. ಈ ಜಾತಿಯ ಡಿಕೋಡರ್‌ಗಳ ಎಚ್.264 ವ್ಯವಸ್ಥೆ 2021ರ 5.11ರಲ್ಲಿ ಸ್ಥಿರವಾಯಿತು, ಬೇರೆ ಕೋಡೆಕ್‌ಗಳು ಒಂದೊಂದಾಗಿ ಹಿಂಬಾಲಿಸಿದವು. ಇದೇ ಚಿಪ್‌ಗಳ ಮಾಲಿ ಗ್ರಾಫಿಕ್ಸ್‌ಗೆ, ತಯಾರಕರಿಂದ ದಾಖಲೆಯಿಲ್ಲದೆ ಹಿಮ್ಮುಖವಾಗಿ ಬಿಡಿಸಿ ಬರೆದ ಲಿಮಾ, ಪ್ಯಾನ್‌ಫ್ರಾಸ್ಟ್ ಡ್ರೈವರ್‌ಗಳು 2019ರ 5.2ರಲ್ಲಿ ಕರ್ನಲ್ ಸೇರಿದ್ದವು.

ತಯಾರಕರ ಕರ್ನಲ್ ಮತ್ತು ಅಗ್ಗದ ಡಬ್ಬಿ

ಟಿವಿ ಬಾಕ್ಸ್‌ಗಳಲ್ಲಿ ಹೆಚ್ಚು ಕಾಣುವುದು ಆಮ್‌ಲಾಜಿಕ್‌ನ ಎಸ್905 ಸಾಲಿನ ಚಿಪ್‌ಗಳು. ಇಂಥ ಡಬ್ಬಿಗೆ ಲಿನಕ್ಸ್ ಹಾಕುವ ರೀತಿಯೇ ವಿಚಿತ್ರ. ಎಷ್ಟೋ ಡಬ್ಬಿಗಳಲ್ಲಿ ರೀಸೆಟ್ ಗುಂಡಿ 3.5 ಮಿ.ಮೀ. ಎವಿ ಕಿಂಡಿಯ ಒಳತುದಿಯಲ್ಲಿ ಅಡಗಿರುತ್ತದೆ. ಹಲ್ಲುಕಡ್ಡಿ ತೂರಿಸಿ ಅದನ್ನು ಒತ್ತಿಹಿಡಿದು, ಆ ಕೈ ಬಿಡದೆ ವಿದ್ಯುತ್ ಪಿನ್ ಸಿಕ್ಕಿಸಿದರೆ ಬೂಟ್‌ಲೋಡರ್ ಎಸ್‌ಡಿ ಕಾರ್ಡಿನಲ್ಲಿರುವ ಸ್ಕ್ರಿಪ್ಟ್ ಹುಡುಕಿ ಓಡಿಸುತ್ತದೆ, ಅಲ್ಲಿಂದ ಮುಂದೆ ಲಿನಕ್ಸ್. ಅದಕ್ಕೂ ಮೊದಲು ಕಾರ್ಡಿನಲ್ಲಿರುವ ಹತ್ತಾರು ಡಿವೈಸ್ ಟ್ರೀ ಫೈಲುಗಳಲ್ಲಿ ನಮ್ಮ ಡಬ್ಬಿಗೆ ಹೊಂದುವ ಒಂದನ್ನು ಆರಿಸಿಡಬೇಕು. ಪಿಸಿಯಲ್ಲಿ ಯಾವ ಸಾಧನ ಎಲ್ಲಿದೆ ಎಂದು ಬಯೋಸ್ ಹೇಳುತ್ತದೆ. ಎಆರ್‌ಎಂ ಬೋರ್ಡುಗಳಲ್ಲಿ ಹೇಳುವವರಿಲ್ಲ, ಡಿವೈಸ್ ಟ್ರೀ ಎಂಬ ಈ ಪಟ್ಟಿಯೇ ಹೇಳಬೇಕು. ಅದರಲ್ಲಿ ಒಂದು ಪಿನ್ ತಪ್ಪಾದರೆ ವೈ-ಫೈ ಇಲ್ಲ, ಇನ್ನೊಂದು ತಪ್ಪಾದರೆ ಮುಂಭಾಗದ ದೀಪವಿಲ್ಲ. ಹೊರಕವಚ, ಹೆಸರು, ಪೆಟ್ಟಿಗೆ ಎಲ್ಲ ಒಂದೇ ಇದ್ದ ಎರಡು ಡಬ್ಬಿಗಳ ಒಳಗೆ ಬೇರೆ ಬೇರೆ ವೈ-ಫೈ ಚಿಪ್ ಇರುವುದು ಈ ಮಾರುಕಟ್ಟೆಯಲ್ಲಿ ಮಾಮೂಲು. ಆ ತಿಂಗಳು ಯಾವುದು ಅಗ್ಗವಾಗಿ ಸಿಕ್ಕಿತೋ ಅದನ್ನು ಹಾಕಿರುತ್ತಾರೆ. ರಿಯಲ್‌ಟೆಕ್‌ನ ಚಿಪ್ ಆಗಿದ್ದರೆ ಈಗ ಮುಖ್ಯ ಕರ್ನಲ್‌ನ ಆರ್‌ಟಿಡಬ್ಲ್ಯು88 ಡ್ರೈವರ್‌ನಲ್ಲಿ ಬಹಳಷ್ಟು ಸೇರಿವೆ. ಹೆಸರೇ ಕೇಳದ ಚಿಪ್ ಆಗಿದ್ದರೆ ಈಥರ್ನೆಟ್ ತಂತಿಯೇ ಗತಿ.

ಈ ಡಬ್ಬಿಗಳೊಂದಿಗೆ ಬರುವ ಕರ್ನಲ್ ಹೊರಬರುವಾಗಲೇ ಹಳತು. ಆಮ್‌ಲಾಜಿಕ್ ವರ್ಷಗಟ್ಟಲೆ 3.10, 3.14 ಕರ್ನಲ್‌ಗಳನ್ನು, ಆಮೇಲೆ 4.9 ಅನ್ನು ತಳಹದಿಯಾಗಿ ಕೊಟ್ಟಿತು. ಮುಖ್ಯ ಯೋಜನೆ 3.14ರ ನಿರ್ವಹಣೆ ನಿಲ್ಲಿಸಿದ್ದು 2016ರಲ್ಲಿ, 3.10ರದ್ದು 2017ರಲ್ಲಿ, 4.9ರದ್ದು 2023ರ ಜನವರಿಯಲ್ಲಿ. ಹೊರಗಿನವರು ಪರಿಶೀಲಿಸದ ಕೋಡ್ ಎಂಥದ್ದಿರಬಹುದು ಎಂಬುದಕ್ಕೆ ಆಲ್‌ವಿನ್ನರ್‌ನ 3.4 ಕರ್ನಲ್ ಒಳ್ಳೆಯ ಸಾಕ್ಷಿ. ಅದರ ಒಂದು ಡೀಬಗ್ ಫೈಲಿಗೆ ‘ರೂಟ್‌ಮೈಡಿವೈಸ್’ ಎಂಬ ಪದ ಬರೆದರೆ ಸಾಕು, ಯಾವುದೇ ಆ್ಯಪ್‌ಗೆ ಯಂತ್ರದ ಸಂಪೂರ್ಣ ಅಧಿಕಾರ ಸಿಗುತ್ತಿತ್ತು. 2016ರಲ್ಲಿ ಇದು ಬಯಲಾಯಿತು. ಮುಖ್ಯ ಕರ್ನಲ್‌ಗೆ ಇಂಥದ್ದನ್ನು ಕಳಿಸಿದ್ದರೆ ಪರಿಶೀಲನೆಯಲ್ಲೇ ಉಗಿಸಿಕೊಳ್ಳುತ್ತಿದ್ದರು.

ಆಮ್‌ಲಾಜಿಕ್ ಚಿಪ್‌ಗಳನ್ನು ಮುಖ್ಯ ಕರ್ನಲ್‌ಗೆ ತಂದ ಕೆಲಸದಲ್ಲಿ ಫ್ರಾನ್ಸಿನ ಬೇಲಿಬ್ರೆ ಕಂಪನಿಯದು ದೊಡ್ಡ ಪಾಲು. ಪರದೆಯ ಡ್ರೈವರ್ 4.10ರಲ್ಲಿ ಬಂತು, ಡಿಕೋಡರ್ ಸ್ಟೇಜಿಂಗ್‌ಗೆ ಬಂದು ಅಲ್ಲೇ ಅರೆಬರೆಯಾಗಿ ಉಳಿಯಿತು. ಇಲ್ಲಿಂದ ಬಳಕೆದಾರರು ಎರಡು ದಾರಿ ಹಿಡಿದರು. 2009ರಲ್ಲಿ ಶುರುವಾದ, ಕೋಡಿಗೆಂದೇ ಕಟ್ಟಿದ ಓಪನ್‌ಎಲೆಕ್ ಎಂಬ ಲಿನಕ್ಸ್ ಆವೃತ್ತಿಯಿಂದ 2016ರಲ್ಲಿ ಒಡೆದು ಬಂದ ಲಿಬ್ರೆಎಲೆಕ್ ಮುಖ್ಯ ಕರ್ನಲ್‌ನ ದಾರಿ ಆರಿಸಿಕೊಂಡಿತು. ಅದರಿಂದ 2018ರಲ್ಲಿ ಬೇರ್ಪಟ್ಟ ಕೋರ್‌ಎಲೆಕ್ ಆಮ್‌ಲಾಜಿಕ್‌ಗೇ ಅಂಟಿಕೊಂಡು ತಯಾರಕರ ಕರ್ನಲ್ ಉಳಿಸಿಕೊಂಡಿತು. ಇಂದು ಎಸ್905 ಸಾಲಿನ ಹೊಸ ಡಬ್ಬಿಯಲ್ಲಿ, ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಸಿನಿಮಾ ಚೆನ್ನಾಗಿ ನೋಡಬೇಕೆಂದರೆ ಕೋರ್‌ಎಲೆಕ್ ಗೆಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ತಯಾರಕರು ಆ ಚಿಪ್‌ನ ಪ್ರತಿ ಮೂಲೆಯನ್ನೂ ಬಳಸಿ ಬರೆದ ಕೋಡ್ ಅದು. ಆದರೆ ಆ ಕೋಡ್ ಮುಂದಿನ ಕರ್ನಲ್‌ಗೆ ದಾಟುವುದು ತಯಾರಕರು ಮನಸ್ಸು ಮಾಡಿದಾಗ ಮಾತ್ರ.

ಪರದೆ, ಸದ್ದು, ರಿಮೋಟ್

ಎಚ್‌ಡಿಎಂಐ ತಂತಿ ಜೋಡಿಸಿದಾಗ ಟಿವಿ ತನ್ನ ಸಾಮರ್ಥ್ಯಗಳನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಹೇಳುತ್ತದೆ. 128 ಬೈಟ್‌ಗಳ ಒಂದೊಂದು ತುಂಡು, ಸಾಮಾನ್ಯವಾಗಿ ಎರಡು. ಮೊದಲು ಪ್ಲೇಯರ್ ಆನ್ ಮಾಡಿ ಆಮೇಲೆ ಟಿವಿ ಹಚ್ಚುವವರ ಮನೆಯಲ್ಲಿ ಪ್ಲೇಯರ್‌ಗೆ ಈ ದಾಖಲೆ ಸಿಗುವುದೇ ಇಲ್ಲ. ಚಿತ್ರ ಕೆಳಮಟ್ಟದ್ದಾಗುತ್ತದೆ, ಸದ್ದು ಹೋಗುತ್ತದೆ. ಡ್ರೈವರ್ ಕೆಟ್ಟಿದೆ ಎಂದು ಬೈಯುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಇಡಿಐಡಿಯನ್ನು ಒಮ್ಮೆ ಫೈಲಿನಲ್ಲಿ ಉಳಿಸಿ ಬೂಟ್ ಆಗುವಾಗ ಕರ್ನಲ್‌ಗೆ ಕೊಡುವುದು ಇದಕ್ಕೆ ಮದ್ದು, ಲಿಬ್ರೆಎಲೆಕ್‌ನಲ್ಲಿ ಅದಕ್ಕೊಂದು ಸ್ಕ್ರಿಪ್ಟೇ ಇದೆ.

ಬಹುಪಾಲು ಸಿನಿಮಾ ಫೈಲುಗಳ ವೇಗ ಸೆಕೆಂಡಿಗೆ 23.976 ಫ್ರೇಮ್. ಇಂಟೆಲ್‌ನ 2011ರ ಸ್ಯಾಂಡಿ ಬ್ರಿಡ್ಜ್ ಚಿಪ್‌ಗಳಿಗೆ ಅದು ಬರುತ್ತಿರಲಿಲ್ಲ, ನೇರ 24 ಕೊಡುತ್ತಿದ್ದವು. ವ್ಯತ್ಯಾಸ ಸಣ್ಣದು, ಆದರೆ ಸುಮಾರು 40 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಕಾಣುತ್ತದೆ. ಕ್ಯಾಮೆರಾ ನಿಧಾನವಾಗಿ ಸಾಗುವ ದೃಶ್ಯದಲ್ಲಿ ಅದು ಕಣ್ಣಿಗೆ ಕುಕ್ಕುತ್ತದೆ. ಯಾವ ಡ್ರೈವರೂ ಅದನ್ನು ಸರಿಪಡಿಸಲಾರದು. ಸದ್ದಿನ ವಿಚಾರದಲ್ಲಿ ಕರ್ನಲ್‌ನ ಆಲ್ಸಾ ಚೌಕಟ್ಟು ಪಕ್ವವಾಗಿದೆ. ಡಾಲ್ಬಿ, ಡಿಟಿಎಸ್ ಹರಿವನ್ನು ಬಿಡಿಸದೆ ಹಾಗೆಯೇ ರಿಸೀವರ್‌ಗೆ ದಾಟಿಸುವುದು ಪಿಸಿಗಳಲ್ಲಿ ಬಹುತೇಕ ಬಗೆಹರಿದ ವಿಷಯ.

ರಿಮೋಟ್‌ನ ಕಥೆ ಹೆಚ್ಚು ಸ್ವಾರಸ್ಯದ್ದು. ಎನ್‌ಇಸಿ ಬಗೆಯ ರಿಮೋಟ್‌ನ ಗುಂಡಿ ಒತ್ತಿದಾಗ 38 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಕಾಣದ ಬೆಳಕು 9 ಮಿಲಿಸೆಕೆಂಡ್ ಹೊಮ್ಮುತ್ತದೆ, 4.5 ಮಿಲಿಸೆಕೆಂಡ್ ಮೌನ, ಆಮೇಲೆ 32 ಬಿಟ್‌ಗಳು: ಸಾಧನದ ವಿಳಾಸ, ಅದರ ವಿಲೋಮ, ಗುಂಡಿಯ ಸಂಖ್ಯೆ, ಅದರ ವಿಲೋಮ. ಗುಂಡಿ ಒತ್ತಿಯೇ ಇದ್ದರೆ ಮುಂದೆ ಬರುವುದು ‘ಮತ್ತೆ ಅದೇ’ ಎಂಬ ಚಿಕ್ಕ ಸೂಚನೆ ಮಾತ್ರ. ಗ್ರಾಹಕ ಕಣ್ಣಿನ ಡ್ರೈವರ್ ಈ ಮಿಡಿತಗಳ ಅವಧಿಯನ್ನು ಅಳೆದು ಕೊಡುತ್ತದೆ, ಕರ್ನಲ್‌ನ ಆರ್‌ಸಿ-ಕೋರ್ ಅದನ್ನು ಸಂಖ್ಯೆಯಾಗಿಸುತ್ತದೆ, ಕೀಮ್ಯಾಪ್ ಪಟ್ಟಿ ಆ ಸಂಖ್ಯೆಯನ್ನು ಕೀಬೋರ್ಡಿನ ಕೀಲಿಯಂತೆ ಬದಲಿಸುತ್ತದೆ. ಕೋಡಿಯ ಕಣ್ಣಿಗೆ ಅದು ಬರೀ ಕೀಬೋರ್ಡ್. ಬಹುಕಾಲ ಈ ಕೆಲಸವನ್ನು ಎಲ್‌ಐಆರ್‌ಸಿ ಎಂಬ ಹೊರಗಿನ ಯೋಜನೆ ಮಾಡುತ್ತಿತ್ತು. ಅದರ ಡ್ರೈವರ್‌ಗಳು 2010ರಿಂದ ಕರ್ನಲ್‌ನೊಳಗೆ ಬರತೊಡಗಿದವು. 2018ರ 4.18ರಿಂದ ವಿಚಿತ್ರ ರಿಮೋಟ್‌ಗಳಿಗೆ ಬಿಪಿಎಫ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಕರ್ನಲ್‌ಗೆ ಏರಿಸಿದರೆ ಸಾಕು, ಕರ್ನಲ್ ಮುಟ್ಟಬೇಕಿಲ್ಲ.

ಟಿವಿಯ ರಿಮೋಟ್‌ನಿಂದಲೇ ಪ್ಲೇಯರ್ ನಡೆಸುವ ಸಿಇಸಿ ಎಚ್‌ಡಿಎಂಐನ 13ನೇ ಪಿನ್‌ನಲ್ಲಿ ಒಂದೇ ತಂತಿಯ ಮೇಲೆ ನಡೆಯುವ ಮಾತುಕತೆ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರೇವಿಯಾ ಸಿಂಕ್. ಹಾನ್ಸ್ ವೆರ್ಕೈಲ್ ಬರೆದ ಚೌಕಟ್ಟು 4.8ರಲ್ಲಿ ಸ್ಟೇಜಿಂಗ್‌ಗೆ ಬಂದು 4.10ರಲ್ಲಿ ಮುಖ್ಯ ಮನೆ ಸೇರಿತು. ಪೈ ಮತ್ತು ಟಿವಿ ಬಾಕ್ಸ್‌ಗಳಲ್ಲಿ ಸಿಇಸಿ ಸಿದ್ಧವಾಗಿರುತ್ತದೆ. ಹೆಚ್ಚಿನ ಮಿನಿ ಪಿಸಿಗಳಲ್ಲಿ ಆ ಪಿನ್‌ಗೆ ತಂತಿಯನ್ನೇ ಎಳೆದಿರುವುದಿಲ್ಲ, ಪಲ್ಸ್-ಏಟ್ ಕಂಪನಿಯ ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ.

ಬೀಗಗಳು

ಎಲ್ಲ ಡ್ರೈವರ್ ಸರಿಯಿದ್ದರೂ ಚಂದಾ ಕಟ್ಟಿ ನೋಡುವ ಸ್ಟ್ರೀಮಿಂಗ್ ಸೇವೆಗಳು ಸಾಮಾನ್ಯ ಲಿನಕ್ಸ್‌ನಲ್ಲಿ 4ಕೆ ಕೊಡುವುದಿಲ್ಲ. ಗೂಗಲ್‌ನ ವೈಡ್‌ವೈನ್ ವ್ಯವಸ್ಥೆಯ ಎಲ್1 ಹಂತಕ್ಕೆ ಕೀಲಿ ಬಿಡಿಸುವುದರಿಂದ ಪರದೆಗೆ ಕಳಿಸುವವರೆಗೆ ಎಲ್ಲವೂ ಚಿಪ್‌ನ ರಕ್ಷಿತ ವಲಯದಲ್ಲಿ ನಡೆಯಬೇಕು. ಬಳಕೆದಾರ ಕರ್ನಲ್ ಬದಲಿಸಬಲ್ಲ ಯಂತ್ರದಲ್ಲಿ ಅಂಥ ಭರವಸೆ ಕೊಡಲಾಗದು ಎಂಬುದು ಆ ಸೇವೆಗಳ ನಿಲುವು. ಅಲ್ಲಿ ಸಿಗುವುದು ತಂತ್ರಾಂಶ ಮಟ್ಟದ ಎಲ್3, ಕಡಿಮೆ ಸ್ಪಷ್ಟತೆ. ಎಲ್1 ಪಡೆದ ಡಬ್ಬಿಯಲ್ಲಿ ಅದೇ ಆಮ್‌ಲಾಜಿಕ್ ಚಿಪ್ ಕಂಪನಿಯ ಆಂಡ್ರಾಯ್ಡ್ ಇರುವಾಗ 4ಕೆ ತೋರಿಸುತ್ತದೆ, ಲಿನಕ್ಸ್ ಹಾಕಿದೊಡನೆ ನಿಲ್ಲಿಸುತ್ತದೆ. ಮುಖ್ಯವಾಗಿ ಸ್ಟ್ರೀಮಿಂಗ್ ನೋಡುವವರು ತಮ್ಮ ಡಬ್ಬಿಯನ್ನು ಮುಟ್ಟದಿರುವುದೇ ಮೇಲು.

ಎಚ್‌ಡಿಆರ್‌ನ ಒಂದು ಬಗೆಯಾದ ಡಾಲ್ಬಿ ವಿಷನ್ ಪರವಾನಗಿಯ ಸ್ವತ್ತಾದುದರಿಂದ ಮುಖ್ಯ ಕರ್ನಲ್‌ನಲ್ಲಿ ಅದಕ್ಕೆ ಡ್ರೈವರ್ ಇಲ್ಲ. ಪರವಾನಗಿ ಇರುವ ಕೆಲವು ಆಮ್‌ಲಾಜಿಕ್ ಡಬ್ಬಿಗಳ ಮುಚ್ಚಿದ ಮಾಡ್ಯೂಲ್ ಬಳಸಿ ಕೋರ್‌ಎಲೆಕ್ ತೋರಿಸುತ್ತದೆ. ಸರಳವಾದ ಎಚ್‌ಡಿಆರ್10ಕ್ಕೆ ಬೇಕಾದ ವ್ಯವಸ್ಥೆ 2019ರ ಸುಮಾರಿಗೆ ಮುಖ್ಯ ಕರ್ನಲ್‌ಗೆ ಬಂತು. ಎಚ್‌ಡಿಎಂಐ 2.1 ಇನ್ನೊಂದು ಕಗ್ಗಂಟು. ಎಎಂಡಿ ತನ್ನ ಮುಕ್ತ ಡ್ರೈವರ್‌ಗೆ ಅದನ್ನು ಬರೆದು ಒಪ್ಪಿಗೆ ಕೇಳಿದಾಗ ಎಚ್‌ಡಿಎಂಐ ಫೋರಂ ನಿರಾಕರಿಸಿದ್ದು 2024ರ ಫೆಬ್ರವರಿಯಲ್ಲಿ ಹೊರಬಂತು. ಸೆಕೆಂಡಿಗೆ 60 ಫ್ರೇಮಿನ 4ಕೆಗೆ ಹಳೆಯ 2.0 ಸಾಕಾಗುವುದರಿಂದ ಸಿನಿಮಾ ನೋಡುವವರಿಗೆ ಸದ್ಯ ನಷ್ಟವಿಲ್ಲ.

ಡಿಸ್ಕ್, ಡಿಶ್, ಕನ್ನಡ ಅಕ್ಷರ

ಪೆನ್‌ಡ್ರೈವ್‌ನಲ್ಲಿ ಸಿನಿಮಾ ತುಂಬಿ ಟಿವಿಗೆ ಸಿಕ್ಕಿಸುವವರಿಗೆ ಫೈಲ್ ವ್ಯವಸ್ಥೆಯೂ ಡ್ರೈವರ್‌ನ ಪ್ರಶ್ನೆಯೇ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟ್‌ನ ಪೇಟೆಂಟ್‌ನಲ್ಲಿ ಸಿಕ್ಕಿಕೊಂಡಿತ್ತು. 2019ರಲ್ಲಿ ಕಂಪನಿ ಅದರ ವಿವರ ಪ್ರಕಟಿಸಿದ ಮೇಲೆ ಸ್ಯಾಮ್‌ಸಂಗ್ ಬರೆದ ಡ್ರೈವರ್ 2020ರ 5.7ರಲ್ಲಿ ಸೇರಿತು. ಎನ್‌ಟಿಎಫ್‌ಎಸ್‌ಗೆ ಪ್ಯಾರಗಾನ್ ಕಂಪನಿಯ ಡ್ರೈವರ್ 2021ರ 5.15ರಲ್ಲಿ ಬಂತು. 3.10 ಕರ್ನಲ್‌ನ ಹಳೆಯ ಡಬ್ಬಿ ಹೊಸ ಹಾರ್ಡ್‌ಡಿಸ್ಕ್ ಕಂಡು ಮುಖ ತಿರುಗಿಸುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಖಾಸಗಿ ಡಿಟಿಎಚ್ ಮತ್ತು ಕೇಬಲ್ ಸೇವೆಗಳು ಗೂಢಲಿಪಿಯಲ್ಲಿ ಬರುವುದರಿಂದ ಅವುಗಳ ಸೆಟ್‌ಟಾಪ್ ಬಾಕ್ಸ್ ಬಿಟ್ಟು ಬೇರೆ ದಾರಿಯಿಲ್ಲ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಹಾಗಲ್ಲ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುವ ಅದರ ಬಹುಪಾಲು ಚಾನೆಲ್‌ಗಳಿಗೆ ಬೀಗವಿಲ್ಲ. ಕರ್ನಲ್ ಬೆಂಬಲವಿರುವ ಡಿವಿಬಿ-ಎಸ್2 ಕಾರ್ಡನ್ನು ಚಾವಣಿಯ ಡಿಶ್‌ಗೆ ಜೋಡಿಸಿ, ಟಿವಿಹೆಡೆಂಡ್ ಎಂಬ ತಂತ್ರಾಂಶದಲ್ಲಿ ಚಾನೆಲ್ ಹುಡುಕಿಸಿದರೆ ಚಂದನ ವಾಹಿನಿ ಕೋಡಿಯ ಪಟ್ಟಿಯಲ್ಲಿ ಬರುತ್ತದೆ, ಮನೆಯ ಇತರ ಪರದೆಗಳಿಗೂ ಹಂಚಬಹುದು. ಕಾರ್ಡ್ ಕೊಳ್ಳುವಾಗ ಮಾದರಿಯ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ನೋಡಬೇಕು. ಡ್ರೈವರ್ ಕರ್ನಲ್‌ನಲ್ಲಿದ್ದರೂ ಎಷ್ಟೋ ಟ್ಯೂನರ್‌ಗಳಿಗೆ ಫರ್ಮ್‌ವೇರ್ ಫೈಲನ್ನು ಬೇರೆಯಾಗಿ ತಂದು ಇಡಬೇಕಾಗುತ್ತದೆ. ಅದಿಲ್ಲದಿದ್ದರೆ ಕಾರ್ಡ್ ಕಾಣುತ್ತದೆ, ಚಾನೆಲ್ ಮಾತ್ರ ಒಂದೂ ಸಿಗದು. ಆರ್‌ಟಿಎಲ್2832ಯು ಚಿಪ್‌ನ ಅಗ್ಗದ ಡಿವಿಬಿ-ಟಿ ಸ್ಟಿಕ್‌ಗಳು ಭಾರತದಲ್ಲಿ ಟಿವಿಗೆ ಬಳಕೆಯಾದದ್ದು ಕಡಿಮೆ. ಅವು ಕಚ್ಚಾ ರೇಡಿಯೊ ಅಲೆಯನ್ನೇ ದಾಟಿಸಬಲ್ಲವು ಎಂದು 2012ರಲ್ಲಿ ಬೆಳಕಿಗೆ ಬಂದ ಮೇಲೆ ಹವ್ಯಾಸಿಗಳು ಅವನ್ನು ರೇಡಿಯೊ ಆಗಿ ಬಳಸತೊಡಗಿದರು. ಆ ಕೆಲಸಕ್ಕೆ ಕರ್ನಲ್‌ನ ಟಿವಿ ಡ್ರೈವರನ್ನು ಮೊದಲು ಹೊರಗಿಡಬೇಕು, ಏಕೆಂದರೆ ಸ್ಟಿಕ್ ಸಿಕ್ಕಿಸಿದ ತಕ್ಷಣ ಅದು ತನ್ನದೆಂದು ಹಿಡಿದುಕೊಳ್ಳುತ್ತದೆ.

ಕನ್ನಡ ಸಬ್‌ಟೈಟಲ್ ಸರಿಯಾಗಿ ಮೂಡುವುದು ಡ್ರೈವರ್‌ನ ಕೆಲಸವಲ್ಲ, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಲೈಬ್ರರಿಯದು. ಒತ್ತಕ್ಷರವನ್ನು ಅಡಿಯಲ್ಲಿಡುವುದು, ಅರ್ಕಾವತ್ತನ್ನು ಬಲಕ್ಕೆ ಸರಿಸುವುದು ಅದಕ್ಕೆ ಗೊತ್ತು. ಈಗಿನ ಕೋಡಿ ಸಬ್‌ಟೈಟಲ್‌ಗಳನ್ನು ಅದನ್ನು ಬಳಸುವ ಲಿಬ್‌ಆಸ್ ಮೂಲಕ ಬಿಡಿಸುತ್ತದೆ. ಕನ್ನಡ ಅಕ್ಷರಗಳಿರುವ ಫಾಂಟ್ ಒಂದನ್ನು ಅದರ ಫಾಂಟ್ ಫೋಲ್ಡರ್‌ಗೆ ಹಾಕಿ ಸೆಟ್ಟಿಂಗ್ಸ್‌ನಲ್ಲಿ ಆರಿಸಿದರೆ ಚೌಕಗಳು ಹೋಗಿ ಅಕ್ಷರಗಳು ಬರುತ್ತವೆ. ಹಳೆಯ ಟಿವಿ ಬಾಕ್ಸ್‌ಗಳ ಸ್ವಂತ ಪ್ಲೇಯರ್‌ಗಳಲ್ಲಿ ಈ ಜೋಡಣೆ ಇಲ್ಲದೆ ಕಾಗುಣಿತ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಅಂಥ ಡಬ್ಬಿಯಲ್ಲಿ ಕೋಡಿಯನ್ನು ಹಾಕಿಕೊಳ್ಳಲು ಕೆಲವರಿಗೆ ಇದೊಂದೇ ಕಾರಣ ಸಾಕಾಗಿತ್ತು.